ಅರ್ಧ ಚಾಂಪಿಯನ್ನರ ಕಪ್

ಕಳೆದ ತಿಂಗಳು ಈ ಅಂಕಣದಲ್ಲಿ ಒಂದು ವಾಕ್ಯ ಬರೆದಿದ್ದೆ. "1955ರಲ್ಲಿ ಯುರೋಪಿನ ಹದಿನಾರು ಚಾಂಪಿಯನ್ ಕ್ಲಬ್‌ಗಳು ಸೇರಿ ಮೊದಲ ಯುರೋಪಿಯನ್ ಕಪ್ ಆಡಿದವು." ಅಷ್ಟೇ. ಆ ಒಂದು ವಾಕ್ಯಕ್ಕೆ ಬಂದ ಪತ್ರಗಳು ಈಗ ನನ್ನ ಮೇಜಿನ ಮೇಲೆ ಕಟ್ಟು ಕಟ್ಟಿಕೊಂಡು ಕೂತಿವೆ. ಕೆಲವು ಬೈಗುಳ, ಕೆಲವು ಕುತೂಹಲ. ಹಾಗಾಗಿ ಈ ಸಲ ಕ್ರಿಕೆಟ್ಟೂ ಇಲ್ಲ, ಕಬಡ್ಡಿಯೂ ಇಲ್ಲ. ಇವತ್ತು ಎಲ್ಲರೂ ಚಾಂಪಿಯನ್ಸ್ ಲೀಗ್ ಅಂತ ಕರೆಯುವ ಟೂರ್ನಿಯ ಮೊದಲ ವರ್ಷ, 1955-56, ಅದೊಂದೇ ವಿಷಯ.

ನನ್ನ ಬಗ್ಗೆ ಗೊತ್ತಿಲ್ಲದ ಹೊಸ ಓದುಗರಿಗೆ: ನಾನು ಪಿ.ಟಿ. ಮೇಷ್ಟ್ರಾಗಿದ್ದವನು. ಇಪ್ಪತ್ತು ವರ್ಷ ಜಿಲ್ಲಾ ಮಟ್ಟದ ಫುಟ್‌ಬಾಲ್ ಪಂದ್ಯಗಳಿಗೆ ರೆಫರಿಯಾಗಿ ಸೀಟಿ ಊದಿದ್ದೇನೆ. ಮೈದಾನದಲ್ಲಿ ತಪ್ಪು ತೀರ್ಪು ಕೊಟ್ಟರೆ ಒಪ್ಪಿಕೊಳ್ಳುವ ಹಾಗಿಲ್ಲ, ಮುಖ ಗಂಟು ಹಾಕಿಕೊಂಡು ಮುಂದೆ ಓಡಬೇಕು. ಪತ್ರಿಕೆಯಲ್ಲಿ ಆ ಕಷ್ಟ ಇಲ್ಲ. ತಪ್ಪಾಗಿದೆ, ಒಪ್ಪಿಕೊಂಡೆ.

ನಿವೃತ್ತ ಲೈಬ್ರರಿಯನ್ ಒಬ್ಬರು ಕೇಳುತ್ತಾರೆ: ಮೇಷ್ಟ್ರೇ, ಹದಿನಾರೂ ಚಾಂಪಿಯನ್ ಕ್ಲಬ್‌ಗಳೇ? ಹಾಗಾದರೆ ಹಿಬರ್ನಿಯನ್ ಹೇಗೆ ಆಡಿತು? ಆ ವರ್ಷ ಸ್ಕಾಟ್ಲೆಂಡ್ ಲೀಗ್ ಗೆದ್ದಿದ್ದು ಅಬರ್ಡೀನ್ ಅಲ್ಲವೇ?

ನೀವು ಸರಿ ಸಾರ್. ಪತ್ರ ಓದಿದ ಮೇಲೆ ನನ್ನ ಹಳೆಯ ನೋಟ್‌ಬುಕ್ ತೆಗೆದು ಹದಿನಾರು ಹೆಸರನ್ನೂ ಒಂದೊಂದಾಗಿ ಟಿಕ್ ಮಾಡಿದೆ. ತಮ್ಮ ದೇಶದ ಲೀಗ್ ಗೆದ್ದು ಬಂದವರು ಅರ್ಧದಷ್ಟೂ ಇಲ್ಲ! ರಿಯಲ್ ಮ್ಯಾಡ್ರಿಡ್, ಮಿಲಾನ್, ಫ್ರಾನ್ಸಿನ ರೀಮ್ಸ್, ಜರ್ಮನಿಯ ರೋಟ್-ವೈಸ್ ಎಸ್ಸೆನ್, ಬೆಲ್ಜಿಯಂನ ಆಂಡರ್‌ಲೆಕ್ಟ್, ಇವರೆಲ್ಲ ಗೆದ್ದವರು. ಹಿಬರ್ನಿಯನ್ ಐದನೇ ಸ್ಥಾನದಲ್ಲಿತ್ತು. ಪೋರ್ಚುಗಲ್‌ನಲ್ಲಿ ಲೀಗ್ ಗೆದ್ದಿದ್ದು ಬೆನ್ಫಿಕಾ, ಕಪ್‌ಗೆ ಹೋಗಿದ್ದು ಸ್ಪೋರ್ಟಿಂಗ್. ಯುಗೊಸ್ಲಾವಿಯಾದಲ್ಲಿ ಗೆದ್ದಿದ್ದು ಹೈದುಕ್ ಸ್ಪ್ಲಿಟ್, ಹೋಗಿದ್ದು ಪಾರ್ಟಿಜಾನ್.

ಕಾರಣ ಸರಳ. ಆ ವರ್ಷ ಯಾರೂ ಅರ್ಹತೆ ಗಳಿಸಿ ಬರಲಿಲ್ಲ. ಎಲ್ಲರೂ ಕರೆ ಕಳಿಸಿದ್ದಕ್ಕೆ ಬಂದವರು. ಮದುವೆ ಪತ್ರಿಕೆ ಹಂಚಿದ ಹಾಗೆ. ಕರೆದವರು ಯಾವ ಫೆಡರೇಶನ್ನೂ ಅಲ್ಲ, ಪ್ಯಾರಿಸ್ಸಿನ 'ಲೆಕಿಪ್' ಎಂಬ ಕ್ರೀಡಾ ಪತ್ರಿಕೆ. ಯಾವ ಕ್ಲಬ್ ಬಂದರೆ ಜನ ಸೇರುತ್ತಾರೆ, ಯಾವ ಕ್ಲಬ್ಬಿಗೆ ಹೊರದೇಶದಲ್ಲೂ ಹೆಸರಿದೆ ಅಂತ ನೋಡಿ ಅವರು ಪಟ್ಟಿ ಮಾಡಿದರು. ಹಿಬರ್ನಿಯನ್ ಕ್ಲಬ್ಬಿಗೆ ಎಡಿನ್‌ಬರೋದ ಈಸ್ಟರ್ ರೋಡ್ ಮೈದಾನದಲ್ಲಿ ಫ್ಲಡ್‌ಲೈಟ್ ಇತ್ತು. ಹೊರದೇಶಕ್ಕೆ ಹೋಗಿ ಆಡುವ ಹುಮ್ಮಸ್ಸೂ ಇತ್ತು. ಭಾನುವಾರಗಳನ್ನು, ಶನಿವಾರಗಳನ್ನು ಲೀಗ್ ತಿಂದುಹಾಕುತ್ತದೆ. ಉಳಿಯುವುದು ವಾರದ ಮಧ್ಯದ ಸಂಜೆ. ದೀಪ ಇದ್ದವರಿಗೆ ಕರೆ ಬಂತು ಅನ್ನುವುದು ಪೂರ್ತಿ ಸುಳ್ಳಲ್ಲ.

ಬಿ.ಕಾಂ. ವಿದ್ಯಾರ್ಥಿಯೊಬ್ಬ: ಒಂದು ಪೇಪರ್‌ನವರು ಯಾಕೆ ಟೂರ್ನಿ ಶುರು ಮಾಡಬೇಕು ಸರ್? ಅವರಿಗೆ ಏನು ಲಾಭ?

ಲಾಭ ಅಂತ ಕೇಳಿದೆಯಲ್ಲ ತಮ್ಮಾ, ಬಿ.ಕಾಂ. ಸಾರ್ಥಕವಾಯಿತು. ಲಾಭವೇ ಮುಖ್ಯ. ವಾರಾಂತ್ಯದಲ್ಲಿ ಪಂದ್ಯ ಇರುತ್ತದೆ, ಸೋಮವಾರ ಕ್ರೀಡಾ ಪತ್ರಿಕೆ ಖರ್ಚಾಗುತ್ತದೆ. ಬುಧವಾರ, ಗುರುವಾರ ಏನು ಮಾರುವುದು? ಈ ಮನೆತನಕ್ಕೆ ಇದು ಹಳೆಯ ವಿದ್ಯೆ. 'ಲೆಕಿಪ್'ಗಿಂತ ಮುಂಚೆ ಇದ್ದ 'ಲೋತೊ' ಎಂಬ ಪತ್ರಿಕೆಯೇ 1903ರಲ್ಲಿ ಪ್ರಸಾರ ಹೆಚ್ಚಿಸಿಕೊಳ್ಳಲು ಟೂರ್ ದ ಫ್ರಾನ್ಸ್ ಸೈಕಲ್ ರೇಸ್ ಶುರು ಮಾಡಿದ್ದು.

ಆದರೆ ಕಿಡಿ ಹೊತ್ತಿದ್ದು ದುಡ್ಡಿನಿಂದಲ್ಲ, ಸಿಟ್ಟಿನಿಂದ. ಅದನ್ನು ಸ್ವಲ್ಪ ವಿವರವಾಗಿ ಹೇಳ್ತೀನಿ.

1953ರ ನವೆಂಬರಿನಲ್ಲಿ ಹಂಗೇರಿ ತಂಡ ಲಂಡನ್ನಿನ ವೆಂಬ್ಲಿಗೆ ಬಂದು ಇಂಗ್ಲೆಂಡನ್ನು 6-3ರಿಂದ ಸೋಲಿಸಿತು. ಆರು ತಿಂಗಳ ಮೇಲೆ ಬುಡಾಪೆಸ್ಟ್‌ನಲ್ಲಿ 7-1. ಫುಟ್‌ಬಾಲ್ ಹುಟ್ಟಿಸಿದವರು ನಾವು ಅಂತ ಹೇಳಿಕೊಳ್ಳುವವರ ಮುಖ ಸಪ್ಪಗಾಗಿತ್ತು. ಆಮೇಲೆ 1954ರ ಡಿಸೆಂಬರ್ 13ರಂದು ಹಂಗೇರಿಯ ಹೊನ್ವೇಡ್ ಕ್ಲಬ್, ಅಂದರೆ ಆ ದೇಶದ ತಂಡದ ತಾರೆಯರಾದ ಪುಸ್ಕಾಸ್, ಕೋಚಿಷ್, ಚಿಬೋರ್ ಎಲ್ಲ ಇದ್ದ ಕ್ಲಬ್, ಇಂಗ್ಲೆಂಡಿನ ವೂಲ್ವ್ಸ್ ಜೊತೆ ಆಡಲು ಮಾಲಿನೂ ಮೈದಾನಕ್ಕೆ ಬಂತು. ಸೌಹಾರ್ದ ಪಂದ್ಯ. ರಾತ್ರಿ, ದೀಪದ ಬೆಳಕಿನಲ್ಲಿ. ಅರ್ಧ ಆಟಕ್ಕೆ ಹೊನ್ವೇಡ್ 2-0 ಮುಂದೆ.

ವೂಲ್ವ್ಸ್ ಮ್ಯಾನೇಜರ್ ಸ್ಟ್ಯಾನ್ ಕಲಿಸ್ ಒಂದು ಉಪಾಯ ಮಾಡಿದ್ದರು. ಪಂದ್ಯಕ್ಕೆ ಮುಂಚೆಯೇ ಮೈದಾನಕ್ಕೆ ನೀರು ಹಾಯಿಸಿದ್ದರು! ಮೊದಲೇ ಮಳೆಗೆ ಮೆತ್ತಗಿದ್ದ ನೆಲ. ಹಂಗೇರಿಯವರ ನೆಲಕ್ಕಂಟಿದ ಸಣ್ಣ ಪಾಸ್‌ಗಳು ಹೊತ್ತು ಹೋದಂತೆ ಕೆಸರಿನಲ್ಲಿ ಹೂತುಹೋದವು. ವೂಲ್ವ್ಸ್ ಚೆಂಡನ್ನು ಮೇಲೆ ಮೇಲೆ ಹೊಡೆದು 3-2ರಿಂದ ಗೆದ್ದಿತು. ರೆಫರಿಯಾಗಿದ್ದವನಾಗಿ ಹೇಳುತ್ತೇನೆ, ನಿಯಮದಲ್ಲಿ ಇದಕ್ಕೆ ಅಡ್ಡಿ ಇಲ್ಲ. ಆದರೂ ಕಿರುನಗೆ ತಡೆಯಲು ಆಗುವುದಿಲ್ಲ.

ಮರುದಿನ ಇಂಗ್ಲಿಷ್ ಪತ್ರಿಕೆಗಳು ವೂಲ್ವ್ಸ್ ಕ್ಲಬ್ಬನ್ನು 'ವಿಶ್ವ ಚಾಂಪಿಯನ್' ಮಾಡಿಬಿಟ್ಟವು. ಒಂದು ಸೌಹಾರ್ದ ಪಂದ್ಯ, ಅದೂ ತಮ್ಮ ಮನೆಯಂಗಳದಲ್ಲಿ, ತಾವೇ ನೀರು ಹಾಕಿದ ನೆಲದಲ್ಲಿ! ಪ್ಯಾರಿಸ್ಸಿನಲ್ಲಿ ಕೂತಿದ್ದ 'ಲೆಕಿಪ್' ಬರಹಗಾರ ಗಾಬ್ರಿಯೆಲ್ ಹಾನೊಗೆ ಇದು ಸಹಿಸಲಿಲ್ಲ. ಆತ ಸ್ವತಃ ಫ್ರಾನ್ಸ್ ಪರ ಆಡಿದ್ದವನು, ಆಗ ವಯಸ್ಸು ಅರವತ್ತೈದು. ಮೊದಲು ಮಾಸ್ಕೋಗೆ ಹೋಗಿ ಆಡಲಿ, ಬುಡಾಪೆಸ್ಟ್‌ಗೆ ಹೋಗಿ ಆಡಲಿ, ಮಿಲಾನ್ ಇದೆ, ರಿಯಲ್ ಮ್ಯಾಡ್ರಿಡ್ ಇದೆ, ಆಮೇಲೆ ಮಾತಾಡೋಣ ಅನ್ನುವ ಅರ್ಥದಲ್ಲಿ ಬರೆದ. ಎರಡೇ ದಿನದಲ್ಲಿ ಪತ್ರಿಕೆ ಒಂದು ಪೂರ್ತಿ ಯೋಜನೆಯನ್ನೇ ಅಚ್ಚು ಹಾಕಿತು: ಕ್ಲಬ್‌ಗಳು ವಾರದ ಮಧ್ಯೆ ಆಡಲಿ, ಒಂದು ಪಂದ್ಯ ತಮ್ಮಲ್ಲಿ, ಒಂದು ಎದುರಾಳಿಯಲ್ಲಿ.

ಹಾನೊ ಜೊತೆಗಿದ್ದ ಯುವಕ ಜಾಕ್ ಫೆರಾನ್. ಆತ 1948ರಲ್ಲಿ ಚಿಲಿಯ ಸ್ಯಾಂಟಿಯಾಗೊದಲ್ಲಿ ದಕ್ಷಿಣ ಅಮೆರಿಕದ ಚಾಂಪಿಯನ್ ಕ್ಲಬ್‌ಗಳ ಟೂರ್ನಿಯನ್ನು ಕಣ್ಣಾರೆ ನೋಡಿ ಬಂದಿದ್ದ. ಅದನ್ನು ಗೆದ್ದಿದ್ದು ಬ್ರೆಜಿಲ್‌ನ ವಾಸ್ಕೊ ಡ ಗಾಮಾ. ಅವರಿಗೆ ಸಾಧ್ಯವಾಗಿದ್ದು ನಮಗೆ ಯಾಕೆ ಆಗಬಾರದು ಅನ್ನುವ ಪ್ರಶ್ನೆ ಆತನ ತಲೆಯಲ್ಲಿ ಅಲ್ಲಿಂದಲೇ ಇತ್ತು. ಆ ಟೂರ್ನಿಯಲ್ಲಿ ಎರಡನೇ ಸ್ಥಾನ ಪಡೆದ ರಿವರ್ ಪ್ಲೇಟ್ ತಂಡದಲ್ಲಿ ಒಬ್ಬ ಹುಡುಗ ಇದ್ದ, ಆಲ್ಫ್ರೆಡೊ ಡಿ ಸ್ಟೆಫಾನೊ. ಈ ಹೆಸರು ನೆನಪಿಟ್ಟುಕೊಳ್ಳಿ.

ಗೃಹಿಣಿಯೊಬ್ಬರು: ನಮ್ಮ ಮಗ ಯುಯೆಫಾ, ಯುಯೆಫಾ ಅಂತ ದಿನಾ ಹೇಳ್ತಾನೆ. ಇದನ್ನು ಶುರು ಮಾಡಿದ್ದು ಅವರಲ್ಲವೇ?

ಅಲ್ಲಮ್ಮ. ಯುಯೆಫಾ, ಅಂದರೆ ಯುರೋಪಿನ ಫುಟ್‌ಬಾಲ್ ಒಕ್ಕೂಟ, ಆಗಿನ್ನೂ ತೊಟ್ಟಿಲ ಕೂಸು. ಅದು ಹುಟ್ಟಿದ್ದೇ 1954ರ ಜೂನ್ 15ರಂದು, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ. ಅದರ ಆಸಕ್ತಿ ದೇಶಗಳ ತಂಡಗಳ ಮೇಲಿತ್ತು. ಕ್ಲಬ್‌ಗಳ ಉಸಾಬರಿ ಬೇಡ ಅಂತ ದೂರ ಕೂತಿತ್ತು. ಪತ್ರಿಕೆಯವರು 1955ರ ಏಪ್ರಿಲ್ 2 ಮತ್ತು 3ರಂದು ಪ್ಯಾರಿಸ್ಸಿನ ಅಂಬಾಸಡರ್ ಹೋಟೆಲಿನಲ್ಲಿ ಕ್ಲಬ್‌ಗಳನ್ನು ಕರೆದು ಕೂರಿಸಿದರು. ನಿಯಮ ಬರೆದರು, ಯಾರಿಗೆ ಯಾರು ಎದುರಾಳಿ ಅಂತಲೂ ತೀರ್ಮಾನಿಸಿದರು. ಮ್ಯಾಡ್ರಿಡ್‌ನ ಅಧ್ಯಕ್ಷ ಸ್ಯಾಂಟಿಯಾಗೊ ಬರ್ನಬೇವು ಇದರ ಹಿಂದೆ ಗಟ್ಟಿಯಾಗಿ ನಿಂತರು. ಆಮೇಲೆ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಫಿಫಾ ಸಭೆ ಸೇರಿ, ಟೂರ್ನಿ ಆಗಲಿ, ಆದರೆ ಅದನ್ನು ಯುಯೆಫಾ ನಡೆಸಲಿ ಅಂದಿತು. ಜೂನ್‌ನಲ್ಲಿ ಯುಯೆಫಾ ಒಪ್ಪಿಕೊಂಡಿತು. ಹೆತ್ತವರು ಒಬ್ಬರು, ಹೆಸರಿಟ್ಟವರು ಇನ್ನೊಬ್ಬರು. ನಿಮ್ಮ ಮಗನಿಗೆ ಹೇಳಿ.

ಚೆಲ್ಸಿ ಅಭಿಮಾನಿಯೊಬ್ಬ: ಸರ್, 1955ರಲ್ಲಿ ನಮ್ಮ ಚೆಲ್ಸಿ ಮೊದಲ ಸಲ ಲೀಗ್ ಗೆದ್ದಿತ್ತು. ಮೊದಲ ಯುರೋಪಿಯನ್ ಕಪ್‌ನಲ್ಲಿ ಯಾಕಿಲ್ಲ?

ಇತ್ತಪ್ಪ, ಪಟ್ಟಿಯಲ್ಲಿ ಇತ್ತು. ಸ್ವೀಡನ್ನಿನ ಯೂರ್ಗೋರ್ಡೆನ್ ಜೊತೆ ಆಡಬೇಕಿತ್ತು. ಇಂಗ್ಲೆಂಡಿನ ಫುಟ್‌ಬಾಲ್ ಲೀಗ್‌ನವರು, ನಮ್ಮ ಪಂದ್ಯಗಳಿಗೇ ದಿನ ಸಾಲುತ್ತಿಲ್ಲ, ಇದೆಲ್ಲ ಬೇಡ ಅಂತ ಹೇಳಿದರು. ಚೆಲ್ಸಿ ಸುಮ್ನೆ ಹಿಂದೆ ಸರಿಯಿತು. ಆ ಜಾಗಕ್ಕೆ ಪೋಲೆಂಡಿನ ಗ್ವಾರ್ಡಿಯಾ ವಾರ್ಸಾ ಬಂತು. ಮುಂದಿನ ವರ್ಷ ಮ್ಯಾಂಚೆಸ್ಟರ್ ಯುನೈಟೆಡ್‌ಗೂ ಅದೇ ಬುದ್ಧಿ ಹೇಳಲು ಹೋದರು. ಮ್ಯಾಟ್ ಬಸ್ಬಿ ಕೇಳಲಿಲ್ಲ, ತಂಡ ಕಟ್ಟಿಕೊಂಡು ಹೊರಟೇಬಿಟ್ಟರು.

ಇಲ್ಲಿ ಒಂದು ತಮಾಷೆ ಗಮನಿಸಿ. ಇಂಗ್ಲೆಂಡಿನ ಜಂಬ ಇಳಿಸಲು ಹುಟ್ಟಿದ ಟೂರ್ನಿ. ಮೊದಲ ವರ್ಷ ಇಂಗ್ಲೆಂಡಿನವರೇ ಇಲ್ಲ. ವೂಲ್ವ್ಸ್ ಇಲ್ಲ. ಅವರ ಕೈಲಿ ಸೋತ ಹೊನ್ವೇಡ್ ಕೂಡ ಇಲ್ಲ, ಅದರ ಬದಲು ಹಂಗೇರಿಯಿಂದ ವೋರೋಶ್ ಲೋಬೊಗೊ ಬಂತು. ಜಗಳ ಆಡಿದ ಇಬ್ಬರೂ ಪಂಚಾಯ್ತಿಗೆ ಬರದೆ ಇದ್ದ ಹಾಗೆ.

ಹೈಸ್ಕೂಲ್ ಹುಡುಗಿ: ಮೊದಲ ಗೋಲು ಹೊಡೆದವರು ಯಾರು? ಕ್ವಿಜ್‌ಗೆ ಬೇಕು.

ಸ್ಪೋರ್ಟಿಂಗ್ ತಂಡದ ಜುವಾಂವ್ ಮಾರ್ಟಿನ್ಸ್. ದಿನ 1955ರ ಸೆಪ್ಟೆಂಬರ್ 4, ಊರು ಲಿಸ್ಬನ್, ಎದುರಾಳಿ ಪಾರ್ಟಿಜಾನ್, ಹದಿನಾಲ್ಕನೇ ನಿಮಿಷ. ಪಂದ್ಯ 3-3. ಮೊದಲ ಹ್ಯಾಟ್ರಿಕ್ ಕೂಡ ಕೇಳಬಹುದು, ಬರೆದುಕೋ ಪುಟ್ಟಿ: ವೋರೋಶ್ ಲೋಬೊಗೊದ ಪೀಟರ್ ಪಾಲೊತಾಶ್, ಆಂಡರ್‌ಲೆಕ್ಟ್ ವಿರುದ್ಧ, ಸೆಪ್ಟೆಂಬರ್ 7. ಅತಿ ಹೆಚ್ಚು ಗೋಲು ಪಾರ್ಟಿಜಾನ್‌ನ ಮಿಲೋಶ್ ಮಿಲುಟಿನೊವಿಚ್, ಎಂಟು. ಅವನ ತಮ್ಮ ಬೋರಾ ಮುಂದೆ ಐದು ಬೇರೆ ಬೇರೆ ದೇಶಗಳಿಗೆ ವಿಶ್ವಕಪ್‌ನಲ್ಲಿ ಕೋಚ್ ಆದ. ಕ್ವಿಜ್ ಮೇಷ್ಟ್ರು ಇದನ್ನು ಕೇಳಿದರೆ ನನಗೊಂದು ಕಾರ್ಡ್ ಹಾಕು.

ಅಂಚೆ ಇಲಾಖೆಯ ಹಳೆಯ ನೌಕರರು: ನನ್ನ ಹತ್ತಿರ ಸಾರ್ ಎಂಬ ಪ್ರದೇಶದ ಅಂಚೆಚೀಟಿ ಇದೆ. ಆ ಹೆಸರಿನ ದೇಶ ಇವತ್ತು ಇಲ್ಲ. ಆದರೆ ಮೊದಲ ಕಪ್‌ನಲ್ಲಿ ಅದರ ತಂಡ ಇತ್ತು ಅಂತ ಓದಿದೆ. ನಿಜವೇ?

ಇಡೀ ಕಟ್ಟಿನಲ್ಲಿ ನನಗೆ ಬಹಳ ಇಷ್ಟವಾದ ಪತ್ರ ಇದು. ಹೌದು ಸ್ವಾಮಿ, ಇತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಜರ್ಮನಿಯ ಪಶ್ಚಿಮ ಅಂಚಿನ ಸಾರ್‌ಲ್ಯಾಂಡ್, ಕಲ್ಲಿದ್ದಲಿನ ನಾಡು, ಫ್ರಾನ್ಸಿನ ರಕ್ಷಣೆಯಲ್ಲಿ ಬೇರೆಯಾಗಿ ಉಳಿಯಿತು. ನಿಮ್ಮ ಹತ್ತಿರ ಇರುವ ಅಂಚೆಚೀಟಿ ಆ ಕಾಲದ್ದಿರಬಹುದು. ಅವರದೇ ಫುಟ್‌ಬಾಲ್ ಸಂಸ್ಥೆ, ಅವರದೇ ದೇಶದ ತಂಡ. 1954ರ ವಿಶ್ವಕಪ್ ಅರ್ಹತಾ ಪಂದ್ಯಗಳಲ್ಲಿ ಸಾರ್‌ಲ್ಯಾಂಡ್ ಪಶ್ಚಿಮ ಜರ್ಮನಿಯ ವಿರುದ್ಧವೇ ಆಡಿತ್ತು. ಸಾರ್ ತಂಡದ ಕೋಚ್ ಹೆಲ್ಮುಟ್ ಶೋನ್. ಇಪ್ಪತ್ತು ವರ್ಷದ ಮೇಲೆ ಅದೇ ಮನುಷ್ಯ ಪಶ್ಚಿಮ ಜರ್ಮನಿಗೆ 1974ರ ವಿಶ್ವಕಪ್ ಗೆಲ್ಲಿಸಿಕೊಟ್ಟರು.

ಈಗ ಕಪ್ಪಿಗೆ ಬರೋಣ. 1955ರ ಅಕ್ಟೋಬರ್ 23ರಂದು ಸಾರ್‌ಲ್ಯಾಂಡಿನ ಜನ ಮತ ಹಾಕಿದರು. ಯುರೋಪಿನ ಮೇಲ್ವಿಚಾರಣೆಯಲ್ಲಿ ಪ್ರತ್ಯೇಕವಾಗಿ ಉಳಿಯುವ ಪ್ರಸ್ತಾಪ ಬೇಡ ಅಂದರು. ಅಂದರೆ ಜರ್ಮನಿಗೆ ಸೇರುವ ದಾರಿ ತೆರೆಯಿತು. ಒಂಬತ್ತು ದಿನದ ನಂತರ ಅವರ ಕ್ಲಬ್ ಸಾರ್‌ಬ್ರುಕೆನ್ ಇಟಲಿಗೆ ಹೋಗಿ ಸ್ಯಾನ್ ಸಿರೊದಲ್ಲಿ ಮಿಲಾನ್ ಎದುರು ನಿಂತಿತು. ಮಿಲಾನ್ ಅಂದರೆ ಸಾಮಾನ್ಯ ತಂಡವೇ? ಉರುಗ್ವೆಗೆ 1950ರ ವಿಶ್ವಕಪ್ ಗೆದ್ದ ಸ್ಕಿಯಾಫಿನೊ ಇದ್ದ. ಸ್ವೀಡನ್ನಿನ ನೋರ್ಡಾಲ್, ಲೀಡ್‌ಹೋಮ್ ಇದ್ದರು. ಸಾರ್‌ಬ್ರುಕೆನ್ 4-3ರಿಂದ ಗೆದ್ದಿತು!

ಮೂರು ವಾರದ ಮೇಲೆ ತಮ್ಮ ಊರಿನಲ್ಲಿ 1-4ರಿಂದ ಸೋತು ಮನೆಗೆ ನಡೆದರು. ಎರಡೂ ಪಂದ್ಯದ ಗೋಲು ಕೂಡಿಸಿದರೆ ಒಟ್ಟು 5-7. ಆದರೆ ಆ ಮೂರು ವಾರ ನೆನೆಸಿಕೊಳ್ಳಿ. ಇನ್ನೇನು ನಕಾಶೆಯಿಂದ ಅಳಿಸಿಹೋಗಲಿದ್ದ ಒಂದು ನಾಡು, ಯುರೋಪಿನ ಕಪ್‌ನಲ್ಲಿ ಮಿಲಾನ್‌ಗಿಂತ ಒಂದು ಗೋಲು ಮುಂದೆ ಇತ್ತು. 1957ರ ಜನವರಿ 1ರಂದು ಸಾರ್‌ಲ್ಯಾಂಡ್ ಪಶ್ಚಿಮ ಜರ್ಮನಿಗೆ ಸೇರಿತು. ಅಂಚೆಚೀಟಿ ಜೋಪಾನ ಸ್ವಾಮಿ.

ಬ್ಯಾಂಕ್ ಉದ್ಯೋಗಿ: ಮೊದಲ ಐದು ಕಪ್‌ಗಳನ್ನೂ ರಿಯಲ್ ಮ್ಯಾಡ್ರಿಡ್ ಗೆದ್ದಿತು. ಮೊದಲನೆಯದು ಸುಲಭವಾಗಿತ್ತೇ?

ಸುಲಭವಾ? ಕೂದಲೆಳೆ ಅಂತರ. ಲೆಕ್ಕ ನೋಡಿ, ನಿಮಗೆ ಲೆಕ್ಕ ಇಷ್ಟ. ಮೊದಲ ಸುತ್ತು ಸ್ವಿಟ್ಜರ್ಲೆಂಡಿನ ಸೆರ್ವೆಟ್ ವಿರುದ್ಧ ಒಟ್ಟು 7-0, ಅದು ಸುಲಭ. ಅಲ್ಲಿಂದ ಮುಂದೆ ಪಾರ್ಟಿಜಾನ್ ವಿರುದ್ಧ 4-3, ಮಿಲಾನ್ ವಿರುದ್ಧ 5-4, ಫೈನಲ್‌ನಲ್ಲಿ 4-3. ಮೂರೂ ಕಡೆ ಒಂದೇ ಒಂದು ಗೋಲು.

ಅದರಲ್ಲೂ ಪಾರ್ಟಿಜಾನ್ ಕಥೆ. ಫ್ರಾಂಕೊನ ಸ್ಪೇನಿಗೂ ಟಿಟೊನ ಯುಗೊಸ್ಲಾವಿಯಾಕ್ಕೂ ರಾಜತಾಂತ್ರಿಕ ಸಂಬಂಧವೇ ಇರಲಿಲ್ಲ. ಅಂಥದ್ದರಲ್ಲಿ ಕಮ್ಯುನಿಸ್ಟ್ ದೇಶದ ಸೈನ್ಯದ ಕ್ಲಬ್ ಮ್ಯಾಡ್ರಿಡ್‌ಗೆ ಬಂದು ಆಡಿತು. ಯಾವತ್ತು? 1955ರ ಡಿಸೆಂಬರ್ 25, ಕ್ರಿಸ್‌ಮಸ್ ದಿನ. ಮ್ಯಾಡ್ರಿಡ್ 4-0. ಎಲ್ಲ ಮುಗಿಯಿತು ಅಂದುಕೊಂಡರು. ಜನವರಿ 29ಕ್ಕೆ ಬೆಲ್‌ಗ್ರೇಡ್‌ಗೆ ಹೋದರೆ ಮೈದಾನದ ಮೇಲೆ ಹಿಮ. ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, ಆ ಡಿ ಸ್ಟೆಫಾನೊ ಈಗ ಮ್ಯಾಡ್ರಿಡ್ ಆಟಗಾರ, ಹುಟ್ಟಿದ್ದು ಬ್ಯೂನಸ್ ಐರಿಸ್, ಪಳಗಿದ್ದು ಕೊಲಂಬಿಯಾದಲ್ಲಿ. ಮಿಲುಟಿನೊವಿಚ್‌ಗೆ ಹಿಮ ಅಂದರೆ ಅಂಗಳ. ಪಾರ್ಟಿಜಾನ್ 3-0.

ನಾಲ್ಕನೇ ಗೋಲು ಬಿದ್ದಿದ್ದರೆ ಸಮ. ಆಗ ಹೊರಗಿನ ಗೋಲಿಗೆ ಜಾಸ್ತಿ ಬೆಲೆ ಅನ್ನುವ ನಿಯಮ ಇರಲಿಲ್ಲ, ಪೆನಾಲ್ಟಿ ಶೂಟೌಟ್ ಕೂಡ ಇರಲಿಲ್ಲ. ಮೂರನೇ ಪಂದ್ಯ ಆಡಬೇಕಿತ್ತು. ನಾನೂ ಒಂದು ಮಳೆಗಾಲದ ಫೈನಲ್‌ನಲ್ಲಿ ಸೀಟಿ ಹಿಡಿದು ನಿಂತಿದ್ದೆ. ಖಾಲಿ ಗೋಲಿನ ಕಡೆ ಹೊರಟ ಚೆಂಡು ಗೆರೆಗೆ ಒಂದು ಗೇಣು ಮುಂಚೆ ಕೆಸರಿನಲ್ಲಿ ನಿಂತುಬಿಟ್ಟಿತು. ಹೊಡೆದ ಹುಡುಗ ನನ್ನ ಮುಖ ನೋಡಿದ, ನಾನೇನೋ ಮಾಡಬಲ್ಲೆ ಅನ್ನುವ ಹಾಗೆ. ಬೆಲ್‌ಗ್ರೇಡ್ ಅಂದರೆ ನನಗೆ ಆ ಮುಖವೇ ನೆನಪಾಗುತ್ತದೆ. ರಿಯಲ್ ಮ್ಯಾಡ್ರಿಡ್‌ನ ದೊಡ್ಡತನದ ಬಗ್ಗೆ ನನಗೆ ಅನುಮಾನ ಇಲ್ಲ. ಆದರೆ ಆ ದೊಡ್ಡತನ ಆವತ್ತು ಹಿಮದಲ್ಲಿ ಜಾರಿ, ಬೀಳದೆ ಉಳಿದುಕೊಂಡಿತು.

ಲೈಬ್ರರಿಯನ್ ಅವರದೇ ಇನ್ನೊಂದು ಪ್ರಶ್ನೆ: ಹಿಬರ್ನಿಯನ್ ಎಷ್ಟು ದೂರ ಹೋಯಿತು?

ಐದನೇ ಸ್ಥಾನದವರು ಸೆಮಿಫೈನಲ್‌ವರೆಗೆ ಹೋದರು! ಮೊದಲು ಎಸ್ಸೆನ್‌ಗೆ ಹೋಗಿ ಜರ್ಮನಿಯ ಚಾಂಪಿಯನ್ನರನ್ನು 4-0ರಿಂದ ಹೊಡೆದರು. ಆಮೇಲೆ ಯೂರ್ಗೋರ್ಡೆನ್. ಸ್ವೀಡನ್ನಿನ ಚಳಿಗಾಲದಲ್ಲಿ ಆಡುವುದಕ್ಕೆ ಆಗುವುದಿಲ್ಲ ಅಂತ ಸ್ವೀಡನ್‌ನವರು ತಮ್ಮ 'ಮನೆ ಪಂದ್ಯ'ವನ್ನು ಆಡಿದ್ದು ಎಲ್ಲಿ ಗೊತ್ತಾ? ಗ್ಲಾಸ್ಗೋದ ಫರ್ಹಿಲ್ ಮೈದಾನದಲ್ಲಿ. ಎದುರಾಳಿಯ ದೇಶದಲ್ಲೇ! ಅಲ್ಲಿ 1-3, ಎಡಿನ್‌ಬರೋದಲ್ಲಿ 0-1. ಮನೆಯಲ್ಲಿ ಸೋತೆವು ಅಂತ ಹೇಳಿಕೊಳ್ಳಲೂ ಮನೆ ಇರಲಿಲ್ಲ ಪಾಪ. ಸೆಮಿಫೈನಲ್‌ನಲ್ಲಿ ಹಿಬರ್ನಿಯನ್ ತಂಡವನ್ನು ರೀಮ್ಸ್ ಒಟ್ಟು 3-0ಯಿಂದ ಸೋಲಿಸಿತು.

ಫುಟ್‌ಬಾಲ್ ಆಡುವ ಹುಡುಗನೊಬ್ಬ: ಫೈನಲ್ ಬಗ್ಗೆ ಬರೆಯಿರಿ ಸರ್. ರೀಮ್ಸ್‌ನ ಕೋಪಾ ಬೇರೆ ತಂಡಕ್ಕೆ ಮಾರಾಟವಾಗಿ ಫೈನಲ್ ಆಡಿದ ಅನ್ನುವುದು ನಿಜವಾ? ಹಾಗೆ ಆಡಬಹುದಾ?

1956ರ ಜೂನ್ 13, ಬುಧವಾರ, ಪ್ಯಾರಿಸ್ಸಿನ ಪಾರ್ಕ್ ದೆ ಪ್ರಿನ್ಸ್. ಮೂವತ್ತೆಂಟು ಸಾವಿರಕ್ಕೂ ಹೆಚ್ಚು ಜನ. ರೀಮ್ಸ್‌ಗೆ ಅದು ಹೆಚ್ಚುಕಡಿಮೆ ಮನೆ. ಕ್ವಾರ್ಟರ್‌ಫೈನಲ್, ಸೆಮಿಫೈನಲ್ ಎರಡರಲ್ಲೂ ತಮ್ಮ ಮನೆ ಪಂದ್ಯವನ್ನು ಅಲ್ಲೇ ಆಡಿದ್ದರು. ಆದರೆ ಆ ಮೈದಾನಕ್ಕೆ ಒಂದು ಕಹಿಯೂ ಇತ್ತು. ಹಿಂದಿನ ವರ್ಷ ಜೂನ್‌ನಲ್ಲಿ ಫ್ರಾನ್ಸ್, ಸ್ಪೇನ್, ಇಟಲಿ, ಪೋರ್ಚುಗಲ್ ಕ್ಲಬ್‌ಗಳು ಆಡುತ್ತಿದ್ದ ಲ್ಯಾಟಿನ್ ಕಪ್ ಫೈನಲ್, ಇದೇ ಮೈದಾನ, ಇದೇ ರಿಯಲ್ ಮ್ಯಾಡ್ರಿಡ್, ರೀಮ್ಸ್ 0-2ರಿಂದ ಸೋತಿತ್ತು.

ರೆಫರಿ ಇಂಗ್ಲೆಂಡಿನ ಆರ್ಥರ್ ಎಲಿಸ್. 1954ರ ವಿಶ್ವಕಪ್‌ನಲ್ಲಿ ಹಂಗೇರಿ-ಬ್ರೆಜಿಲ್ ಹೊಡೆದಾಟದಲ್ಲಿ ಮೂವರನ್ನು ಹೊರಗೆ ಕಳಿಸಿದ ಗಟ್ಟಿ ಮನುಷ್ಯ. ಆಗ ಹಳದಿ ಕಾರ್ಡ್, ಕೆಂಪು ಕಾರ್ಡ್ ಏನೂ ಇರಲಿಲ್ಲ. ಬೆರಳು ತೋರಿಸಿ ಹೊರಗೆ ಅನ್ನಬೇಕು. ಆ ಧೈರ್ಯ ಎಂಥದ್ದು ಅಂತ ಸೀಟಿ ಊದಿದವರಿಗೇ ಗೊತ್ತು. ಇಂಗ್ಲೆಂಡಿನ ತಂಡ ಬರದಿದ್ದರೂ ಒಬ್ಬ ಇಂಗ್ಲಿಷಿನವ ಫೈನಲ್ ತಲುಪಿದ, ಅದೂ ಸೀಟಿ ಹಿಡಿದು.

ಆರನೇ ನಿಮಿಷಕ್ಕೆ ಲೆಬ್ಲಾಂ, ಹತ್ತನೇ ನಿಮಿಷಕ್ಕೆ ಟೆಂಪ್ಲಿನ್. ರೀಮ್ಸ್ 2-0. ಪ್ಯಾರಿಸ್ ಎದ್ದು ಕುಣಿಯಿತು. ಹದಿನಾಲ್ಕನೇ ನಿಮಿಷಕ್ಕೆ ಡಿ ಸ್ಟೆಫಾನೊ ಒಂದು. ಮೂವತ್ತಕ್ಕೆ ರಿಯಾಲ್ ಇನ್ನೊಂದು. ಕ್ಲಬ್ ರಿಯಲ್, ಆಟಗಾರ ರಿಯಾಲ್. ನಮ್ಮ ಮುದ್ರಾರಾಕ್ಷಸನಿಗೆ ಹಬ್ಬ. 2-2. ಅರವತ್ತೆರಡನೇ ನಿಮಿಷಕ್ಕೆ ಮಿಷೆಲ್ ಇದಾಲ್ಗೊ ಮತ್ತೆ ರೀಮ್ಸ್ ತಂಡವನ್ನು ಮುಂದೆ ತಂದ. ಐದೇ ನಿಮಿಷ. ಮ್ಯಾಡ್ರಿಡ್‌ನ ಮಾರ್ಕಿಟೋಸ್, ಹಿಂದೆ ನಿಂತು ಗೋಲು ಕಾಯಬೇಕಾದ ಡಿಫೆಂಡರ್, ಚೆಂಡು ಎತ್ತಿಕೊಂಡು ಮುಂದೆ ಓಡಿಬಂದ. ಅವನ ಕೋಚ್ ವಿಲ್ಯಲೋಂಗಾಗೆ ಮೂವತ್ತಾರು ವರ್ಷ, ಪ್ರಾಣ ಬಾಯಿಗೆ ಬಂದಿರಬೇಕು. ಚೆಂಡು ಗೋಲಿನೊಳಗೆ. 3-3. ಎಪ್ಪತ್ತೊಂಬತ್ತನೇ ನಿಮಿಷಕ್ಕೆ ಮತ್ತೆ ರಿಯಾಲ್. 4-3. ಕಪ್ ಹಿಡಿದ ನಾಯಕ ಮಿಗೆಲ್ ಮುನ್ಯೋಸ್ ಮುಂದೆ ಕೋಚ್ ಆಗಿಯೂ ಇದೇ ಕ್ಲಬ್ಬಿಗೆ 1960 ಮತ್ತು 1966ರಲ್ಲಿ ಕಪ್ ತಂದುಕೊಟ್ಟ.

ಈಗ ಕೋಪಾ. ನಿಜ ತಮ್ಮಾ. ರೇಮೊಂ ಕೋಪಾ ರೀಮ್ಸ್‌ನ ಜೀವಾಳ. ಪೋಲೆಂಡಿನಿಂದ ಬಂದ ಗಣಿ ಕಾರ್ಮಿಕರ ಮನೆಯ ಹುಡುಗ, ಪೂರ್ತಿ ಹೆಸರು ಕೋಪಾಶೆವ್ಸ್ಕಿ. ತಾನೂ ಹುಡುಗನಾಗಿದ್ದಾಗ ಗಣಿಗೆ ಇಳಿದು, ಅಪಘಾತದಲ್ಲಿ ಒಂದು ಬೆರಳಿನ ಭಾಗ ಕಳೆದುಕೊಂಡಿದ್ದ. ಫೈನಲ್‌ಗೆ ಮುಂಚೆಯೇ ಮ್ಯಾಡ್ರಿಡ್ ಜೊತೆ ಅವನ ಮಾತುಕತೆ ಮುಗಿದಿತ್ತು. ನಿಯಮದ ಪ್ರಕಾರ ಆಡಬಹುದು. ರೀಮ್ಸ್ ಅಂಗಿ ಇನ್ನೂ ಮೈಮೇಲಿತ್ತಲ್ಲ. ಮನಸ್ಸು ಎಲ್ಲಿತ್ತು ಅಂತ ನಾನು ಹೇಗೆ ಹೇಳಲಿ? ನನ್ನ ಅನುಭವದಲ್ಲಿ, ಬೇರೆ ತಂಡಕ್ಕೆ ಹೊರಟು ನಿಂತ ಹುಡುಗರು ಕೊನೆಯ ಪಂದ್ಯದಲ್ಲಿ ಜೀವ ಬಿಟ್ಟು ಆಡುತ್ತಾರೆ. ಯಾರೂ ಬೆರಳು ತೋರಿಸಬಾರದು ಅಂತ. ಆಮೇಲೆ ಕೋಪಾ ಮ್ಯಾಡ್ರಿಡ್‌ನಲ್ಲಿ ಮೂರು ಯುರೋಪಿಯನ್ ಕಪ್ ಗೆದ್ದ. ಮೂರನೆಯದು 1959ರಲ್ಲಿ, ಎದುರಾಳಿ ಮತ್ತೆ ರೀಮ್ಸ್, 2-0. ಅದು ಮುಗಿಸಿ ಅವನು ಮರಳಿ ಹೋಗಿ ಸೇರಿದ್ದೂ ರೀಮ್ಸ್‌ಗೇ!

ಅವನ ಜಾಗ ತುಂಬಲು 1956ರಲ್ಲಿ ರೀಮ್ಸ್ ಕರೆತಂದ ಹುಡುಗನ ಹೆಸರು ಜಸ್ಟ್ ಫೊಂಟೇನ್. 1958ರ ವಿಶ್ವಕಪ್‌ನಲ್ಲಿ ಹದಿಮೂರು ಗೋಲು. ಒಂದೇ ವಿಶ್ವಕಪ್‌ನಲ್ಲಿ ಅಷ್ಟು ಗೋಲಿನ ಆ ದಾಖಲೆಯನ್ನು ಇನ್ನೂ ಯಾರೂ ಮುರಿದಿಲ್ಲ.

ವಕೀಲರೊಬ್ಬರು: ಆಗಿನ ಆಟ ಈಗಿನದಕ್ಕಿಂತ ಚೆನ್ನಾಗಿತ್ತೇ?

ಇಪ್ಪತ್ತೊಂಬತ್ತು ಪಂದ್ಯ, 127 ಗೋಲು. ನಾನೇ ಕೂಡಿಸಿ ನೋಡಿದ್ದೇನೆ, ಒಂದು ಪಂದ್ಯಕ್ಕೆ ನಾಲ್ಕಕ್ಕಿಂತ ಜಾಸ್ತಿ. ರೀಮ್ಸ್ ಮತ್ತು ವೋರೋಶ್ ಲೋಬೊಗೊ ಎರಡು ಪಂದ್ಯದಲ್ಲಿ 4-2, 4-4. ಚೆನ್ನಾಗಿತ್ತು ಅನ್ನುವ ಬದಲು ಬಾಗಿಲು ತೆರೆದಿಟ್ಟ ಆಟ ಅನ್ನಿ. ಐದು ಜನ ಮುಂದೆ ಓಡುತ್ತಿದ್ದರು, ಹಿಂದೆ ಕಾಯುವವರು ಕಡಿಮೆ. ಈಗಿನ ಡಿಫೆಂಡರ್‌ಗಳು ಆಗ ಇದ್ದಿದ್ದರೆ ಅರ್ಧ ಗೋಲು ಆಗುತ್ತಿರಲಿಲ್ಲ. ತೀರ್ಪು ಕೇಳಬೇಡಿ, ನೀವು ವಕೀಲರು, ಮೇಲ್ಮನವಿ ಹಾಕುತ್ತೀರಿ.

ಮೈಸೂರಿನ ಓದುಗರು: ನಮ್ಮ ಏಷ್ಯಾದಲ್ಲಿ ಇಂಥದ್ದು ಯಾವಾಗ ಶುರುವಾಯಿತು? ನಮ್ಮವರು ಆಡಿದ್ದರೇ?

ಮೊದಲನೆಯದು 1967ರಲ್ಲಿ ಬ್ಯಾಂಕಾಕ್‌ನಲ್ಲಿ. ಹಪೋಯೆಲ್ ಟೆಲ್ ಅವಿವ್ ಫೈನಲ್‌ನಲ್ಲಿ ಮಲೇಷ್ಯಾದ ಸೆಲಾಂಗೊರ್ ತಂಡವನ್ನು 2-1ರಿಂದ ಸೋಲಿಸಿತು. ಎರಡನೆಯದು 1969ರಲ್ಲಿ, ಅದೂ ಬ್ಯಾಂಕಾಕ್. ಭಾರತದಿಂದ ಹೋದವರು ಯಾರು ಗೊತ್ತಾ? ಮೈಸೂರು ರಾಜ್ಯ ತಂಡ! ಕ್ಲಬ್ ಅಲ್ಲ, ರಾಜ್ಯ. ನಮ್ಮಲ್ಲಿ ಆಗ ರಾಷ್ಟ್ರೀಯ ಲೀಗ್ ಇರಲಿಲ್ಲ, ಅದು ಬಂದಿದ್ದು 1996ರಲ್ಲಿ. ಹಾಗಾಗಿ ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿ ಗೆದ್ದವರನ್ನು ಕಳಿಸಿದರು, ಆ ಟ್ರೋಫಿ ಆಗ ಮೈಸೂರಿನ ಕೈಲಿತ್ತು. ಕ್ಲಬ್‌ಗಳ ಕಪ್‌ಗೆ ರಾಜ್ಯದ ತಂಡ ಹೋಗಬಹುದಾದರೆ, ಚಾಂಪಿಯನ್ನರ ಕಪ್‌ಗೆ ಹಿಬರ್ನಿಯನ್ ಹೋಗಿದ್ದು ಯಾವ ಲೆಕ್ಕ?

ಕೊನೆಯ ಪತ್ರ, ಹೆಸರಿಲ್ಲ: ಆ ಇಪ್ಪತ್ತೊಂಬತ್ತು ಪಂದ್ಯಗಳಲ್ಲಿ ಒಂದನ್ನು ನೋಡುವ ಅವಕಾಶ ಸಿಕ್ಕರೆ ಯಾವುದನ್ನು ನೋಡುತ್ತೀರಿ? ಫೈನಲ್ ಅನ್ನಬೇಡಿ.

ಲಿಸ್ಬನ್. ಸೆಪ್ಟೆಂಬರ್ 4, ಭಾನುವಾರ. ಮಾರ್ಟಿನ್ಸ್ ಮೊದಲ ಗೋಲು ಹೊಡೆಯುತ್ತಾನೆ. ಮಿಲುಟಿನೊವಿಚ್ ಎರಡು ಹೊಡೆಯುತ್ತಾನೆ. ಸ್ಪೋರ್ಟಿಂಗ್ ಸಮ ಮಾಡುತ್ತದೆ, ಪಾರ್ಟಿಜಾನ್ ಮತ್ತೆ ಮುಂದೆ ಹೋಗುತ್ತದೆ, ಕೊನೆಗೆ ಮತ್ತೆ ಅದೇ ಮಾರ್ಟಿನ್ಸ್ ಬಂದು 3-3 ಮಾಡುತ್ತಾನೆ. ಮೈದಾನದಲ್ಲಿ ಇರುವ ಇಪ್ಪತ್ತೆರಡು ಜನರಲ್ಲಿ ಒಬ್ಬನೂ ಆ ವರ್ಷ ತನ್ನ ದೇಶದ ಚಾಂಪಿಯನ್ ಅಲ್ಲ. ನಾನು ರೆಫರಿಯ ಹತ್ತಿರವೇ, ಟಚ್‌ಲೈನ್ ಪಕ್ಕ ಕೂರುತ್ತಿದ್ದೆ.